ರೇಡಿಯೋ ಟ್ಯಾಗು ಮತ್ತು ಮುದ್ರಣಯಂತ್ರ: ಒಂದು ಐತಿಹಾಸಿಕ ಪರಿಶೀಲನೆ

೧. ಪ್ರಸ್ತಾವನೆ

ಬರೆವಣಿಗೆಯ ಹೊಸ ಸಾಧನವೊಂದು ಬಳಕೆಗೆ ಬಂದಾಗಲೆಲ್ಲ ಹಳೆಯದು ಅಳಿದುಹೋಗುವುದೆಂಬ ಮಾತು ಕೇಳಿಬರುವುದು ವಾಡಿಕೆ. ಅಚ್ಚಿನ ಮೊಳೆ ಬಂದ ಮೇಲೂ ಕೈಬರಹ ಉಳಿಯಿತು. ಬೆರಳಚ್ಚು ಯಂತ್ರ ಬಂದ ಮೇಲೂ ಅಚ್ಚುಕೂಟ ಉಳಿಯಿತು. ವಸ್ತುಗಳನ್ನು ರೇಡಿಯೋ ಅಲೆಗಳಿಂದ ಗುರುತಿಸುವ ಟ್ಯಾಗು, ಅಂದರೆ ಇಂದು ಆರ್.ಎಫ್.ಐ.ಡಿ. ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಾಧನವು, ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ವ್ಯಾಪಾರಕ್ಷೇತ್ರವನ್ನು ಪ್ರವೇಶಿಸಿದಾಗಲೂ ಇದೇ ಮಾತು ಕೇಳಿಬಂದಿತು. ಕಣ್ಣಿಗೆ ಕಾಣದ, ಪೆಟ್ಟಿಗೆಯ ಒಳಗಿದ್ದರೂ ಓದಲು ಬರುವ ಗುರುತು ದೊರೆತ ಮೇಲೆ ಕಾಗದದ ಮೇಲಿನ ಮಸಿಯ ಗೆರೆಗಳಿಂದ ಪ್ರಯೋಜನವೇನು ಎಂಬುದು ಹಲವರ ಪ್ರಶ್ನೆಯಾಗಿದ್ದಿತು.

ನಡೆದ ಸಂಗತಿ ಬೇರೆ. ಈ ಟ್ಯಾಗು ಪೆಟ್ಟಿಗೆಗಳ ಮೇಲೆ ಬಂದು ಕುಳಿತದ್ದು ಬಹುಮಟ್ಟಿಗೆ ಮುದ್ರಣಯಂತ್ರದ ಮೂಲಕವೇ. ಒಂದೇ ಲೇಬಲ್ಲಿನ ಮೇಲೆ ಕಾಣುವ ಅಕ್ಷರಗಳನ್ನು ಮುದ್ರಿಸಿ, ಅದೇ ಲೇಬಲ್ಲಿನೊಳಗಿನ ಚಿಪ್ಪಿನಲ್ಲಿ ಕಾಣದ ಅಕ್ಷರಗಳನ್ನು ಬರೆಯುವ ಯಂತ್ರವೊಂದು ಇದಕ್ಕಾಗಿಯೇ ರೂಪುಗೊಂಡಿತು. ಈ ಯಂತ್ರದ ಹಿನ್ನೆಲೆ, ಅದು ಹುಟ್ಟಲು ಇದ್ದ ಕಾರಣಗಳು, ಅದರ ಕಾರ್ಯವಿಧಾನ ಮತ್ತು ಅದು ಇತಿಹಾಸದ ಅಭ್ಯಾಸಿಗಳ ಮುಂದೆ ಇಟ್ಟಿರುವ ಪ್ರಶ್ನೆ, ಈ ನಾಲ್ಕನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

೨. ಟ್ಯಾಗಿನ ಪೂರ್ವಚರಿತ್ರೆ

ತನ್ನದೇ ಆದ ವಿದ್ಯುತ್ಕೋಶವಿಲ್ಲದೆ, ಹೊರಗಿನಿಂದ ಬಂದ ರೇಡಿಯೋ ಅಲೆಯನ್ನೇ ಬಳಸಿಕೊಂಡು ಉತ್ತರ ಕೊಡುವುದು ಈ ಟ್ಯಾಗಿನ ಮೂಲತತ್ತ್ವ. ಈ ತತ್ತ್ವದ ಪ್ರಸಿದ್ಧವಾದ ಮೊದಲ ಪ್ರಯೋಗಗಳಲ್ಲೊಂದು ನಡೆದುದು ಗೂಢಚರ್ಯೆಗಾಗಿ ಎಂಬುದು ಗಮನಾರ್ಹವಾದ ಸಂಗತಿ. ಸೋವಿಯತ್ ರಷ್ಯದ ವಿಜ್ಞಾನಿ ಲಿಯಾನ್ ಥೆರೆಮಿನ್ ರಚಿಸಿದ ಒಂದು ಉಪಕರಣವನ್ನು ಮರದಲ್ಲಿ ಕೆತ್ತಿದ ಅಮೆರಿಕದ ರಾಜಲಾಂಛನದೊಳಗೆ ಅಡಗಿಸಿ, ೧೯೪೫ರಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಕಾಣಿಕೆಯಾಗಿ ಕೊಡಲಾಯಿತು. ಅದು ೧೯೫೨ರಲ್ಲಿ ಪತ್ತೆಯಾಗುವವರೆಗೂ ರಾಯಭಾರಿಯ ನಿವಾಸದ ಗೋಡೆಯ ಮೇಲೆಯೇ ಇದ್ದಿತು. ಅದರೊಳಗೆ ವಿದ್ಯುತ್ಕೋಶವಿರಲಿಲ್ಲ, ಹೊರಗಿನಿಂದ ರೇಡಿಯೋ ಕಿರಣವನ್ನು ಹಾಯಿಸಿದಾಗ ಮಾತ್ರ ಅದು ಕೋಣೆಯ ಮಾತುಗಳನ್ನು ಹೊರಗೆ ಮುಟ್ಟಿಸುತ್ತಿತ್ತು.

ಪ್ರತಿಫಲಿತ ಶಕ್ತಿಯಿಂದ ಸಂದೇಶವನ್ನು ಕಳುಹಿಸಬಹುದೆಂಬುದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದವರಲ್ಲಿ ಹ್ಯಾರಿ ಸ್ಟಾಕ್‌ಮನ್ ಮೊದಲಿಗರು. ಅವರ ಪ್ರಬಂಧವು ೧೯೪೮ರ ಅಕ್ಟೋಬರಿನಲ್ಲಿ ಅಮೆರಿಕದ ರೇಡಿಯೋ ಇಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿಧಾನ ಬಳಕೆಗೆ ಬರಬೇಕಾದರೆ ಇನ್ನೂ ಬಹಳ ಸಂಶೋಧನೆ ನಡೆಯಬೇಕೆಂದು ಅವರೇ ಅದರಲ್ಲಿ ಸೂಚಿಸಿದ್ದರು. ಆ ಮಾತು ನಿಜವಾಯಿತು. ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವಷ್ಟು ಚಿಕ್ಕ ಸ್ಮರಣಕೋಶ ಆ ಕಾಲದಲ್ಲಿ ಇರಲಿಲ್ಲ. ಅದು ಸಾಧ್ಯವಾದುದು ಇಂಟಿಗ್ರೇಟೆಡ್ ಸರ್ಕ್ಯೂಟ್ ಎಂಬ ಸಮಗ್ರ ಮಂಡಲ ಬಂದ ಮೇಲೆ. ಮೇರಿಯೋ ಕಾರ್ಡುಲೋ ಅವರು ಬರೆಯಲೂ ಓದಲೂ ಬರುವ ಸ್ಮರಣಕೋಶವುಳ್ಳ ಟ್ಯಾಗನ್ನು ೧೯೭೧ರಲ್ಲಿ ನ್ಯೂಯಾರ್ಕಿನ ಬಂದರು ಪ್ರಾಧಿಕಾರದವರ ಮುಂದೆ ಪ್ರದರ್ಶಿಸಿದರು. ೧೯೭೩ರ ಜನವರಿಯಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ವಾಹನಗಳಿಂದ ರಸ್ತೆಯ ಸುಂಕವನ್ನು ವಸೂಲುಮಾಡುವುದು ಅದರ ಉದ್ದೇಶಗಳಲ್ಲಿ ಒಂದಾಗಿದ್ದಿತು. ಲಾಸ್ ಅಲಮಾಸ್ ಪ್ರಯೋಗಾಲಯದ ಕೋಯೆಲೆ, ಡೆಪ್ ಮತ್ತು ಫ್ರೈಮನ್ ಎಂಬವರು ಪ್ರತಿಫಲಿತ ಅಲೆಯನ್ನು ಮಾರ್ಪಡಿಸುವ ವಿಧಾನವನ್ನು ಕುರಿತು ೧೯೭೫ರಲ್ಲಿ ಬರೆದರು. ಚಾರ್ಲ್ಸ್ ವಾಲ್ಟನ್ ಅವರಿಗೆ ೧೯೮೩ರಲ್ಲಿ ದೊರೆತ ಪೇಟೆಂಟಿನಿಂದ ಆರ್.ಎಫ್.ಐ.ಡಿ. ಎಂಬ ಹೆಸರು ರೂಢಿಗೆ ಬಂದಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಈ ಪರಂಪರೆಯಲ್ಲಿ ಎಲ್ಲಿಯೂ ಕಾಗದದ ಸುಳಿವಿಲ್ಲ. ಗೂಢಚಾರನ ಉಪಕರಣ, ಸುಂಕದ ಕಟ್ಟೆ, ಬಾಗಿಲಿನ ಬೀಗ ಇವೇ ಅದರ ಕ್ಷೇತ್ರಗಳು. ಕಾಗದದೊಡನೆ ಅದರ ಸಂಬಂಧ ಏರ್ಪಟ್ಟುದನ್ನು ತಿಳಿಯಬೇಕಾದರೆ ಮತ್ತೊಂದು ಪರಂಪರೆಯತ್ತ ತಿರುಗಬೇಕು.

೩. ಲೇಬಲ್ಲಿನ ಪೂರ್ವಚರಿತ್ರೆ

ಹಿಂಬದಿಗೆ ಅಂಟು ಬಳಿದು, ಮೇಣಗಾಗದದಿಂದ ಸುಲಭವಾಗಿ ಬಿಡಿಸಿ ಹಚ್ಚುವ ಲೇಬಲ್ಲನ್ನು ವಾಣಿಜ್ಯಕ್ಕೆ ತಂದವರು ಅಮೆರಿಕದ ಸ್ಟಾಂಟನ್ ಏವರಿ. ಇದು ೧೯೩೫ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯಿತು. ಅದಾದ ಹದಿನೇಳು ವರ್ಷಗಳ ತರುವಾಯ, ೧೯೫೨ರ ಅಕ್ಟೋಬರಿನಲ್ಲಿ, ನಾರ್ಮನ್ ಜೋಸೆಫ್ ವುಡ್‌ಲೆಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬಿಬ್ಬರಿಗೆ ಬಾರ್‌ಕೋಡಿನ ಪೇಟೆಂಟು ದೊರೆಯಿತು. ಅಂಗಡಿಗಳಲ್ಲಿ ಅದು ನೆಲೆಯೂರಲು ಮತ್ತೆ ಎರಡು ದಶಕಗಳು ಬೇಕಾದವು. ಅಮೆರಿಕದ ದಿನಸಿ ವ್ಯಾಪಾರಿಗಳು ೧೯೭೩ರಲ್ಲಿ ಒಂದೇ ಬಗೆಯ ಸಂಕೇತವನ್ನು ಒಪ್ಪಿಕೊಂಡರು. ೧೯೭೪ರ ಜೂನ್ ೨೬ರಂದು ಓಹಾಯೋ ಪ್ರಾಂತದ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ರಿಗ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದು ಆ ಸಂಕೇತದ ಮೂಲಕ ಮಾರಾಟವಾಯಿತು.

ಬಾರ್‌ಕೋಡು ಅಚ್ಚುಕೂಟದ ಸ್ವಭಾವಕ್ಕೆ ಚೆನ್ನಾಗಿ ಹೊಂದಿಕೊಂಡ ಸಂಕೇತವೆಂಬುದನ್ನು ಇಲ್ಲಿ ಒತ್ತಿಹೇಳಬೇಕು. ಅದರಲ್ಲಿರುವ ಹನ್ನೆರಡು ಅಂಕಿಗಳು ಸರಕಿನ ಜಾತಿಯನ್ನು ಹೇಳುತ್ತವೆ, ವ್ಯಕ್ತಿಯನ್ನಲ್ಲ. ಒಂದೇ ಬಗೆಯ ಹತ್ತು ಲಕ್ಷ ಪೊಟ್ಟಣಗಳಿಗೆ ಒಂದೇ ಗುರುತು ಸಾಕು. ಆದಕಾರಣ ಪೊಟ್ಟಣದ ಚಿತ್ರ, ಹೆಸರು, ಬಣ್ಣಗಳೊಡನೆ ಅದನ್ನೂ ಒಂದೇ ಫಲಕದಿಂದ ಮುದ್ರಿಸಬಹುದಾಗಿದ್ದಿತು. ಒಂದು ಅಚ್ಚಿನಿಂದ ಒಂದೇ ತೆರನಾದ ಅಸಂಖ್ಯ ಪ್ರತಿಗಳನ್ನು ತೆಗೆಯುವುದು ಗುಟೆನ್‌ಬರ್ಗನ ಕಾಲದಿಂದ ಬಂದ ವಿದ್ಯೆ. ಬಾರ್‌ಕೋಡು ಆ ವಿದ್ಯೆಗೆ ಭಂಗ ತರಲಿಲ್ಲ.

ಆದರೆ ಉಗ್ರಾಣಗಳಲ್ಲಿ, ರವಾನೆಯ ಕಟ್ಟೆಗಳಲ್ಲಿ ಪರಿಸ್ಥಿತಿ ಬೇರೆಯಾಗಿದ್ದಿತು. ಅಲ್ಲಿ ಪ್ರತಿಯೊಂದು ಪೆಟ್ಟಿಗೆಯ ವಿಳಾಸವೂ ತೂಕವೂ ಬೇರೆ ಬೇರೆ. ಬೇಕಾದಾಗ ಬೇಕಾದ ಲೇಬಲ್ಲನ್ನು ಒಂದೊಂದಾಗಿ ಮುದ್ರಿಸುವ ಚಿಕ್ಕ ಯಂತ್ರ ಅಲ್ಲಿಗೆ ಬೇಕಾಗಿದ್ದಿತು. ಈ ಅಗತ್ಯವನ್ನು ಪೂರೈಸಿದ್ದು ಶಾಖಮುದ್ರಣ. ಸಣ್ಣ ಸಣ್ಣ ಬಿಂದುಗಳನ್ನು ಕ್ಷಣಮಾತ್ರ ಕಾಯಿಸಿ ಆರಿಸುವ ಮುದ್ರಣಶಿರವು ಮಸಿಯ ಪಟ್ಟಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದು ಇದರ ಕ್ರಮ. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಒಂದು ಮಿಲಿಮೀಟರಿಗೆ ೮ ಅಥವಾ ೧೨ ಬಿಂದುಗಳಿರುತ್ತವೆ. ಜಪಾನಿನ ಸಾಟೋ ಸಂಸ್ಥೆಯವರು ಈ ಕ್ರಮದ ಬಾರ್‌ಕೋಡ್ ಮುದ್ರಣಯಂತ್ರವನ್ನು ೧೯೮೧ರಲ್ಲಿ ಹೊರತಂದರು.

ಇಲ್ಲಿ ಒಂದು ಸಂಗತಿಯನ್ನು ಉಲ್ಲೇಖಿಸದೆ ಇರಲಾರೆವು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ೧೯೫೮ರಲ್ಲಿ ಸಮಗ್ರ ಮಂಡಲವನ್ನು ರಚಿಸಿ ತೋರಿಸಿ, ಆ ಕಾರಣಕ್ಕಾಗಿ ೨೦೦೦ದಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜ್ಯಾಕ್ ಕಿಲ್ಬಿಯವರೇ ಶಾಖಮುದ್ರಣಯಂತ್ರದ ನಿರ್ಮಾಪಕರೂ ಹೌದು. ಟ್ಯಾಗಿನೊಳಗಿನ ಚಿಪ್ಪು, ಅದರ ಮೇಲೆ ಅಕ್ಷರ ಒತ್ತುವ ಶಿರ, ಎರಡೂ ಒಬ್ಬನೇ ಇಂಜಿನಿಯರನ ಕೆಲಸದ ಮೇಜಿನಿಂದ ಹೊರಟು, ನಾಲ್ಕು ದಶಕಗಳ ಕಾಲ ಬೇರೆ ಬೇರೆ ದಾರಿಗಳಲ್ಲಿ ನಡೆದು, ಕೊನೆಗೆ ಒಂದೇ ಯಂತ್ರದೊಳಗೆ ಸಂಧಿಸಿದವು.

೪. ಸಂಗಮಕ್ಕೆ ಕಾರಣ

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೯೯ರಲ್ಲಿ ಆಟೋ-ಐಡಿ ಕೇಂದ್ರವು ಸ್ಥಾಪಿತವಾಯಿತು. ಡೇವಿಡ್ ಬ್ರಾಕ್, ಭಾರತೀಯ ಮೂಲದ ಸಂಜಯ್ ಶರ್ಮಾ ಮತ್ತು ಕೆವಿನ್ ಆಷ್ಟನ್ ಅದರ ಪ್ರಮುಖರು. ಟ್ಯಾಗಿನಲ್ಲಿ ಸರಕಿನ ವಿವರಗಳನ್ನೆಲ್ಲ ತುಂಬುವ ಬದಲು ಒಂದು ಸಂಖ್ಯೆಯನ್ನು ಮಾತ್ರ ಇಟ್ಟು, ವಿವರಗಳನ್ನು ದೂರದ ಗಣಕದಲ್ಲಿ ಇಡುವುದು ಅವರ ಯೋಜನೆ. ಇದರಿಂದ ಚಿಪ್ಪು ಚಿಕ್ಕದಾಯಿತು, ಬೆಲೆ ತಗ್ಗಿತು. ಈ ಸಂಖ್ಯೆಯ ಸಾಮಾನ್ಯ ರೂಪವೊಂದರಲ್ಲಿ ೯೬ ಬಿಟ್‌ಗಳಿವೆ: ಶಿರೋಭಾಗಕ್ಕೆ ೮, ಸಂಸ್ಥೆಗೆ ೨೮, ಸರಕಿನ ಬಗೆಗೆ ೨೪, ಬಿಡಿವಸ್ತುವಿನ ಕ್ರಮಸಂಖ್ಯೆಗೆ ೩೬. ಕೊನೆಯ ಭಾಗವೊಂದರಿಂದಲೇ ೬,೮೭೧ ಕೋಟಿಗೂ ಮಿಗಿಲಾದ ಬಿಡಿವಸ್ತುಗಳನ್ನು ಬೇರೆ ಬೇರೆಯಾಗಿ ಹೆಸರಿಸಬಹುದು.

ನಮ್ಮ ಅಭಿಪ್ರಾಯದಲ್ಲಿ ಮುದ್ರಣದ ಇತಿಹಾಸದ ದೃಷ್ಟಿಯಿಂದ ನಿರ್ಣಾಯಕವಾದುದು ಈ ಕೊನೆಯ ಮೂವತ್ತಾರು ಬಿಟ್‌ಗಳು. ಜಾತಿಯ ಜಾಗದಲ್ಲಿ ವ್ಯಕ್ತಿ ಬಂದೊಡನೆ ಒಂದು ಫಲಕದಿಂದ ಸಹಸ್ರ ಪ್ರತಿ ತೆಗೆಯುವ ಕ್ರಮ ಕೆಲಸಕ್ಕೆ ಬಾರದಂತಾಯಿತು. ನೋಟು, ಟಿಕೆಟ್ಟು, ರಸೀತಿಗಳಿಗೆ ಒಂದೊಂದಾಗಿ ಅಂಕಿ ಒತ್ತುವ ಪದ್ಧತಿ ಅಚ್ಚುಕೂಟಕ್ಕೆ ಹೊಸದಲ್ಲ, ನಿಜ. ಆದರೆ ಆ ಅಂಕಿ ಕಾಗದಕ್ಕೆ ಮಾತ್ರ ಸೇರಿದ್ದು. ಇಲ್ಲಿ ಒತ್ತುವ ಅಂಕಿಯೂ ಚಿಪ್ಪಿನಲ್ಲಿ ಬರೆಯುವ ಅಂಕಿಯೂ ಒಂದೇ ವಸ್ತುವನ್ನು ಕುರಿತು ಹೇಳಬೇಕು. ಎರಡನ್ನೂ ಎರಡು ಕಡೆ ಬೇರೆಯಾಗಿ ಮಾಡಿ ಆಮೇಲೆ ಜೋಡಿಸಹೊರಟರೆ ಒಂದು ಲೇಬಲ್ಲು ತಪ್ಪಿದರೂ ಅದರ ಹಿಂದಿನ ಸಾಲೆಲ್ಲ ತಪ್ಪುತ್ತದೆ. ಆದಕಾರಣ ಎರಡು ಬರೆವಣಿಗೆಗಳೂ ಒಂದೇ ಸ್ಥಳದಲ್ಲಿ, ಒಂದೇ ಗಳಿಗೆಯಲ್ಲಿ ನಡೆಯುವುದು ಅನಿವಾರ್ಯವಾಯಿತು.

ಈ ಅಗತ್ಯಕ್ಕೆ ಅವಸರವನ್ನು ತಂದದ್ದು ವಾಲ್‌ಮಾರ್ಟ್ ಸಂಸ್ಥೆಯ ಆಜ್ಞೆ. ತನಗೆ ಸರಕು ಒದಗಿಸುವ ಅಗ್ರಗಣ್ಯರಾದ ೧೦೦ ಮಂದಿ ೨೦೦೫ರ ಜನವರಿಯ ವೇಳೆಗೆ ಪೆಟ್ಟಿಗೆಗಳಿಗೂ ಹಲಗೆಕಟ್ಟುಗಳಿಗೂ ರೇಡಿಯೋ ಟ್ಯಾಗು ಹಚ್ಚಬೇಕೆಂದು ಅದು ೨೦೦೩ರ ಜೂನ್ ತಿಂಗಳಿನಲ್ಲಿ ಸಾರಿತು. ಅಮೆರಿಕದ ರಕ್ಷಣಾ ಇಲಾಖೆಯೂ ಅದೇ ಬಗೆಯ ನಿಬಂಧನೆಯನ್ನು ವಿಧಿಸಿತು. ಇಷ್ಟು ಕಡಿಮೆ ಅವಧಿಯಲ್ಲಿ ತಮ್ಮ ಕಾರ್ಖಾನೆಗಳ ವ್ಯವಸ್ಥೆಯನ್ನೇ ಬದಲಿಸುವುದು ಅನೇಕರಿಗೆ ಸಾಧ್ಯವಿರಲಿಲ್ಲ. ಅವರು ಹಿಡಿದ ದಾರಿ ಸರಳವಾದುದು: ರವಾನೆಯ ಕಟ್ಟೆಯಲ್ಲಿ ಮೊದಲೇ ಇದ್ದ ಲೇಬಲ್ ಯಂತ್ರದ ಬದಲು ಟ್ಯಾಗಿಗೂ ಬರೆಯಬಲ್ಲ ಯಂತ್ರವೊಂದನ್ನಿಟ್ಟು, ಸರಕು ಲಾರಿಗೆ ಏರುವ ಮುನ್ನ ಲೇಬಲ್ಲು ಹಚ್ಚಿ ಕಳುಹಿಸುವುದು. ಹೊಸ ವಿದ್ಯೆಯು ಹಳೆಯ ವಿದ್ಯೆಯ ಮೇಜಿನ ಮೇಲೆಯೇ ಬಂದು ಕುಳಿತುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ವಾಲ್‌ಮಾರ್ಟಿನ ಯೋಜನೆ ನಿರೀಕ್ಷಿತ ವೇಗದಲ್ಲಿ ಸಾಗಲಿಲ್ಲ. ಮೊದಲ ತಲೆಮಾರಿನ ಟ್ಯಾಗುಗಳಲ್ಲಿ ಪರಸ್ಪರ ಹೊಂದದ ಬಗೆಗಳಿದ್ದವು. ನೀರು ಮತ್ತು ಲೋಹದ ಸಮೀಪದಲ್ಲಿ ಓದು ತಪ್ಪುತ್ತಿತ್ತು. ೨೦೦೪ರ ಡಿಸೆಂಬರಿನಲ್ಲಿ ಎರಡನೆಯ ತಲೆಮಾರಿನ ನಿಯಮಾವಳಿ ಅಂಗೀಕೃತವಾಗಿ, ೨೦೦೬ರಲ್ಲಿ ಅಂತಾರಾಷ್ಟ್ರೀಯ ಮಾನಕದಲ್ಲಿ ಸೇರಿದ ಮೇಲೆ ಬಗೆಗಳ ಗೊಂದಲ ಬಹುಮಟ್ಟಿಗೆ ತೀರಿತು. ಮುಂದೆ ಈ ಟ್ಯಾಗು ಗಟ್ಟಿಯಾಗಿ ನೆಲೆನಿಂತುದು ಸಿದ್ಧ ಉಡುಪುಗಳ ವ್ಯಾಪಾರದಲ್ಲಿ. ಅಲ್ಲಿಯೂ ಬೆಲೆ, ಅಳತೆ, ಬಾರ್‌ಕೋಡುಗಳನ್ನು ಮುದ್ರಿಸಿದ ಚೀಟಿಯೊಳಗೇ ಅದು ಅಡಗಿದೆ.

೫. ಯಂತ್ರದ ಕಾರ್ಯವಿಧಾನ

ಹೊರನೋಟಕ್ಕೆ ಈ ಯಂತ್ರವು ಸಾಧಾರಣ ಲೇಬಲ್ ಯಂತ್ರದಂತೆಯೇ ಇದೆ. ಒಂದು ಕಡೆ ಲೇಬಲ್ಲುಗಳ ಸುರುಳಿ, ಇನ್ನೊಂದು ಕಡೆ ಮಸಿಪಟ್ಟಿಯ ಸುರುಳಿ, ನಡುವೆ ಮುದ್ರಣಶಿರ ಮತ್ತು ರಬ್ಬರಿನ ಉರುಳೆ. ವ್ಯತ್ಯಾಸವಿರುವುದು ಎರಡು ಅಂಶಗಳಲ್ಲಿ. ಪ್ರತಿಯೊಂದು ಲೇಬಲ್ಲಿನ ಕಾಗದ ಮತ್ತು ಅಂಟಿನ ನಡುವೆ ತೆಳುವಾದ ಆಂಟೆನಾ ಹಾಗೂ ಸಾಸಿವೆಗಿಂತ ಚಿಕ್ಕದಾದ ಚಿಪ್ಪು ಇರುತ್ತವೆ. ಮುದ್ರಣಶಿರದ ಸಮೀಪದಲ್ಲಿ ರೇಡಿಯೋ ಅಲೆಯನ್ನು ಹೊಮ್ಮಿಸುವ ಇನ್ನೊಂದು ಚಿಕ್ಕ ಆಂಟೆನಾ ಇರುತ್ತದೆ.

ಲೇಬಲ್ಲು ಆ ಆಂಟೆನಾದ ನೇರಕ್ಕೆ ಬಂದಾಗ ಯಂತ್ರವು ಚಿಪ್ಪಿಗೆ ಸಂಖ್ಯೆಯನ್ನು ಬರೆಯುತ್ತದೆ. ಬರೆದುದನ್ನು ಕೂಡಲೇ ತಾನೇ ಓದಿ ನೋಡುತ್ತದೆ. ಎರಡೂ ಸರಿಹೊಂದಿದರೆ ಮೇಲೆ ಅಕ್ಷರಗಳನ್ನು ಮುದ್ರಿಸುತ್ತದೆ. ಹೊಂದದಿದ್ದರೆ ಆ ಲೇಬಲ್ಲಿನ ಮೇಲೆ ಅಸಿಂಧುವೆಂಬ ಗುರುತನ್ನು ದಪ್ಪನಾಗಿ ಒತ್ತಿ ಹೊರಹಾಕಿ, ಅದೇ ಸಂಖ್ಯೆಯನ್ನು ಮುಂದಿನ ಲೇಬಲ್ಲಿಗೆ ಬರೆಯುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದುವವನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಂತ್ರವೇ ಕ್ಷಣಾರ್ಧದಲ್ಲಿ ಮಾಡುತ್ತದೆಂದು ಹೇಳಬಹುದು.

ಇದರ ತೊಡಕುಗಳೂ ಸ್ವಾರಸ್ಯವಾಗಿವೆ. ಯಂತ್ರದ ಒಡಲು ಲೋಹದ್ದು. ಲೋಹ ರೇಡಿಯೋ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಸುರುಳಿಯಲ್ಲಿ ಲೇಬಲ್ಲುಗಳು ಒಂದಕ್ಕೊಂದು ತೀರ ಹತ್ತಿರ ಇರುವುದರಿಂದ ಅಲೆಯ ಬಲ ಹೆಚ್ಚಾದರೆ ಪಕ್ಕದ ಚಿಪ್ಪಿಗೂ ಅದೇ ಸಂಖ್ಯೆ ಬರೆದುಹೋಗುತ್ತದೆ. ಕಡಮೆಯಾದರೆ ಬೇಕಾದ ಚಿಪ್ಪಿಗೂ ಮುಟ್ಟುವುದಿಲ್ಲ. ಆದ್ದರಿಂದ ಸುರುಳಿಯನ್ನು ಹಿಂದೆ ಮುಂದೆ ಸರಿಸಿ, ಸರಿಯಾದ ಸ್ಥಾನವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಚಿಪ್ಪಿನ ಉಬ್ಬಿನ ಮೇಲೆ ಮುದ್ರಣಶಿರ ಹಾದರೆ ಅಲ್ಲಿ ಮಸಿ ಸರಿಯಾಗಿ ಹತ್ತುವುದಿಲ್ಲ. ಬಾರ್‌ಕೋಡಿನ ಗೆರೆ ಅಲ್ಲಿ ಬೀಳದಂತೆ ಲೇಬಲ್ಲಿನ ವಿನ್ಯಾಸವನ್ನು ಮಾಡಬೇಕು. ಒಣಹವೆಯಲ್ಲಿ ಸುರುಳಿ ಬಿಚ್ಚುವಾಗ ಹುಟ್ಟುವ ಸ್ಥಿರವಿದ್ಯುತ್ತು ಚಿಪ್ಪನ್ನೇ ಕೆಡಿಸಬಲ್ಲದು. ಕಾಣುವ ಅಕ್ಷರದ ಶಿಸ್ತು ಒಂದು, ಕಾಣದ ಅಕ್ಷರದ ಶಿಸ್ತು ಮತ್ತೊಂದು. ಎರಡನ್ನೂ ಒಂದು ಅಂಗೈಯಗಲದ ಕಾಗದದಲ್ಲಿ ಹೊಂದಿಸುವುದೇ ಈ ಯಂತ್ರದ ಸಮಸ್ಯೆ.

ಟ್ಯಾಗಿನ ಆಂಟೆನಾ ಕೂಡ ಮುದ್ರಣವಿದ್ಯೆಗೆ ಋಣಿಯಾಗಿದೆ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ವಲಸೆ ಬಂದ ಪಾಲ್ ಐಸ್ಲರ್ ಎಂಬ ಇಂಜಿನಿಯರು ತಂತಿಗಳಿಗೆ ಬದಲಾಗಿ ಲೋಹದ ಹಾಳೆಯ ಮೇಲೆ ಮುದ್ರಿಸಿ ಕೊರೆದ ವಿದ್ಯುನ್ಮಂಡಲವನ್ನು ೧೯೩೦ರ ದಶಕದ ಉತ್ತರಾರ್ಧದಲ್ಲಿ ರಚಿಸಿದರು. ಇಂದಿನ ಟ್ಯಾಗುಗಳ ಆಂಟೆನಾಗಳು ಕೆಲವೆಡೆ ಅದೇ ಬಗೆಯಾಗಿ ಅಲ್ಯೂಮಿನಿಯಂ ಅಥವಾ ತಾಮ್ರದ ಹಾಳೆಯನ್ನು ಕೊರೆದು ಆಗುತ್ತವೆ. ಇನ್ನು ಕೆಲವೆಡೆ ಬೆಳ್ಳಿಯ ಕಣಗಳುಳ್ಳ ಮಸಿಯನ್ನು ಜಾಲರಿಯ ಮೂಲಕ ಒತ್ತಿ ಮುದ್ರಿಸುತ್ತಾರೆ. ಇಂತಹ ಮಸಿಯು ಓದುವುದಕ್ಕಾಗಿ ಅಲ್ಲ, ವಿದ್ಯುತ್ತು ಹರಿಯುವುದಕ್ಕಾಗಿ.

೬. ಎರಡು ಬರೆವಣಿಗೆಗಳ ಸಾಕ್ಷ್ಯ

ಇಲ್ಲಿಯವರೆಗಿನ ವಿವರಣೆಯಿಂದ ಒಂದು ಪ್ರಶ್ನೆ ಉದ್ಭವಿಸುತ್ತದೆ. ಲೇಬಲ್ಲಿನ ಮೇಲಿನ ಅಕ್ಷರವೂ ಒಳಗಿನ ಸಂಖ್ಯೆಯೂ ಪರಸ್ಪರ ವಿರೋಧವಾಗಿದ್ದರೆ ಯಾವುದನ್ನು ನಂಬಬೇಕು? ಇತಿಹಾಸಾಭ್ಯಾಸಿಗಳಿಗೆ ಇಂತಹ ಪ್ರಶ್ನೆ ಅಪರಿಚಿತವಲ್ಲ. ತಾಮ್ರಪಟಗಳ ಬಳೆಗೆ ಬೆಸೆದ ರಾಜಮುದ್ರೆಯೂ ಪಟದ ಪಾಠವೂ ಒಂದನ್ನೊಂದು ಸಮರ್ಥಿಸದಿದ್ದಾಗ ಕೂಟಶಾಸನದ ಸಂದೇಹ ಹುಟ್ಟುತ್ತದೆ. ಆದರೆ ಅಲ್ಲಿ ಮುದ್ರೆಯೂ ಪಾಠವೂ ಕಣ್ಣಿಗೆ ಕಾಣುತ್ತವೆ. ಲಿಪಿಯನ್ನು ಬಲ್ಲ ಯಾರು ಬೇಕಾದರೂ ಎರಡನ್ನೂ ಪರೀಕ್ಷಿಸಬಹುದು. ಟ್ಯಾಗಿನ ವಿಷಯದಲ್ಲಿ ಹಾಗಲ್ಲ. ಅದರ ಬರೆವಣಿಗೆಯನ್ನು ಓದಲು ಯಂತ್ರ ಬೇಕು, ಸಂಖ್ಯೆಯ ಅರ್ಥ ತಿಳಿಯಲು ದೂರದ ಗಣಕದ ಕಡತ ಬೇಕು. ಅವೆರಡೂ ಸಾಮಾನ್ಯ ಕೊಳ್ಳುವವನ ಕೈಯಲ್ಲಿಲ್ಲ.

ಜನರು ಈ ಅಂಶವನ್ನು ಬೇಗನೆ ಗ್ರಹಿಸಿದರು. ಬೆನೆಟ್ಟನ್ ಸಂಸ್ಥೆಯ ಉಡುಪುಗಳಿಗೆ ಟ್ಯಾಗು ಸೇರಿಸಲಾಗುವುದೆಂಬ ಪ್ರಕಟಣೆ ೨೦೦೩ರ ಮಾರ್ಚಿಯಲ್ಲಿ ಹೊರಬಿದ್ದಾಗ ಅಮೆರಿಕದ ಗ್ರಾಹಕರ ಸಂಘವೊಂದು ಬಹಿಷ್ಕಾರಕ್ಕೆ ಕರೆಕೊಟ್ಟಿತು. ಮುಂದಿನ ತಿಂಗಳೇ ಸಂಸ್ಥೆ ಹಿಂದೆ ಸರಿಯಿತು. ಜರ್ಮನಿಯ ಮೆಟ್ರೋ ಸಂಸ್ಥೆಯವರು ರೈನ್‌ಬರ್ಗಿನ ತಮ್ಮ ಮಾದರಿ ಅಂಗಡಿಯ ಗ್ರಾಹಕರ ಕಾರ್ಡುಗಳಲ್ಲಿ ಇಟ್ಟಿದ್ದ ಟ್ಯಾಗನ್ನು ವಿರೋಧದ ಕಾರಣ ೨೦೦೪ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಟ್ಯಾಗನ್ನು ಶಾಶ್ವತವಾಗಿ ಮೌನಗೊಳಿಸುವ ಆಜ್ಞೆಯೊಂದು ಎರಡನೆಯ ತಲೆಮಾರಿನ ನಿಯಮಾವಳಿಯಲ್ಲಿ ಇದೆ. ೩೨ ಬಿಟ್‌ಗಳ ಗುಪ್ತಪದದಿಂದ ಅದನ್ನು ಪ್ರಯೋಗಿಸಬಹುದು. ಆದರೆ ಆ ಗುಪ್ತಪದವೂ ಅಂಗಡಿಯವರ ಬಳಿಯೇ ಇರುತ್ತದೆಯೇ ಹೊರತು ಕೊಂಡವನ ಬಳಿಯಲ್ಲ.

ಈ ಸಮಸ್ಯೆಗೆ ವಿವೇಕಪೂರ್ಣವಾದ ಪರಿಹಾರವೊಂದು ಪಾಸ್‌ಪೋರ್ಟಿನಲ್ಲಿ ದೊರೆಯುತ್ತದೆ. ಚಿಪ್ಪುಳ್ಳ ಪಾಸ್‌ಪೋರ್ಟನ್ನು ಮೊದಲು ಜಾರಿಗೆ ತಂದ ದೇಶ ಮಲೇಷಿಯ, ೧೯೯೮ರಲ್ಲಿ. ಮುಂದೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದಕ್ಕೆ ನಿಯಮಗಳನ್ನು ರೂಪಿಸಿತು. ಅದರ ಪ್ರಕಾರ ಪುಟದ ಕೆಳಭಾಗದಲ್ಲಿ ಮುದ್ರಿಸಿರುವ ಸಾಲುಗಳಿಂದ ಪಾಸ್‌ಪೋರ್ಟಿನ ಸಂಖ್ಯೆ, ಜನ್ಮದಿನ ಮತ್ತು ಅವಧಿ ಮುಗಿಯುವ ದಿನವನ್ನು ಯಂತ್ರವು ಮೊದಲು ಓದಬೇಕು. ಅವುಗಳಿಂದ ಹೊರಡುವ ಕೀಲಿಯಿಂದಲೇ ಚಿಪ್ಪು ತೆರೆಯುತ್ತದೆ. ಪುಸ್ತಕ ಮುಚ್ಚಿದ್ದರೆ ದಾರಿಹೋಕನು ಸುಮ್ಮನೆ ಅದರೊಳಗಿನ ವಿವರಗಳನ್ನು ಓದಲಾರ. ಒಳಗಿನ ವಿವರಗಳಿಗೆ ಕೊಟ್ಟ ಸರ್ಕಾರದ ಅಂಕೀಯ ರುಜುವೂ ಇರುತ್ತದೆ. ಅಂದರೆ ಮುದ್ರಿತ ಅಕ್ಷರವು ಕಾಣದ ಅಕ್ಷರಕ್ಕೆ ಬಾಗಿಲು ಕಾಯುತ್ತದೆ; ಕಾಣದ ಅಕ್ಷರವು ಮುದ್ರಿತವನ್ನು ತಿದ್ದಿದ್ದರೆ ಹಿಡಿದುಕೊಡುತ್ತದೆ. ನಮ್ಮ ದೇಶದಲ್ಲಿಯೂ ಇಂತಹ ಪಾಸ್‌ಪೋರ್ಟುಗಳನ್ನು ಸಾಮಾನ್ಯ ನಾಗರಿಕರಿಗೆ ಕೊಡುವ ಪ್ರಾಯೋಗಿಕ ಯೋಜನೆ ೨೦೨೪ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅವುಗಳ ಪುಸ್ತಕಗಳು ಸಿದ್ಧವಾಗುವುದು ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ. ಚಿಪ್ಪಿನ ಪುಸ್ತಕವೂ ಅಚ್ಚುಕೂಟದಿಂದಲೇ ಹೊರಡಬೇಕಾಯಿತೆಂಬುದು ಪ್ರಸ್ತುತ ವಾದಕ್ಕೆ ಪುಷ್ಟಿಕೊಡುತ್ತದೆ.

ನಮ್ಮ ನಾಡಿನವರಿಗೆ ಅತ್ಯಂತ ಪರಿಚಿತವಾದ ರೇಡಿಯೋ ಟ್ಯಾಗು ಮೋಟಾರು ವಾಹನಗಳ ಗಾಜಿಗೆ ಅಂಟಿಸುವ ಫಾಸ್ಟ್ಯಾಗು. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ೨೦೨೧ರ ಫೆಬ್ರವರಿಯಿಂದ ಅದು ಕಡ್ಡಾಯವಾಯಿತು. ಕಾರ್ಡುಲೋ ಅವರು ೧೯೭೧ರಲ್ಲಿ ಕಂಡ ಉದ್ದೇಶ ಐವತ್ತು ವರ್ಷಗಳ ತರುವಾಯ ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳಲ್ಲಿಯೂ ಹೀಗೆ ಈಡೇರಿದಂತಾಯಿತು. ಆ ಟ್ಯಾಗಿನ ಮೇಲೂ ಬಾರ್‌ಕೋಡು ಮತ್ತು ಅಂಕಿಗಳು ಮುದ್ರಿತವಾಗಿವೆ. ಕಟ್ಟೆಯಲ್ಲಿ ಅವನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಆದರೆ ಹಣ ತಪ್ಪಾಗಿ ಕಡಿತವಾಯಿತೆಂದು ದೂರು ಕೊಡಬೇಕಾದಾಗ, ತನ್ನ ಟ್ಯಾಗು ಯಾವುದೆಂದು ವಾಹನದ ಒಡೆಯನು ಕಣ್ಣಿನಿಂದ ಓದಿ ಹೇಳಲು ಆ ಮುದ್ರಿತ ಅಂಕಿಗಳೇ ಆಧಾರ.

೭. ಉಪಸಂಹಾರ

ಮೇಲ್ಕಂಡ ಪರಿಶೀಲನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರೇಡಿಯೋ ಟ್ಯಾಗು ಮುದ್ರಣವನ್ನು ಹೊರದೂಡಲಿಲ್ಲ. ಒಂದೇ ಅಚ್ಚಿನ ಅನೇಕ ಪ್ರತಿಗಳನ್ನು ತೆಗೆಯುವ ಕೆಲಸದ ಜೊತೆಗೆ ಪ್ರತಿಯೊಂದನ್ನೂ ಬೇರೆಯಾಗಿ ಹೆಸರಿಸುವ ಕೆಲಸವನ್ನು ಅದಕ್ಕೆ ವಹಿಸಿಕೊಟ್ಟಿತು. ಎರಡನೆಯದಾಗಿ, ಯಂತ್ರಕ್ಕೆ ಮಾತ್ರ ಕಾಣುವ ಬರೆವಣಿಗೆಯು ನ್ಯಾಯವಾಗಿ ನಡೆಯಬೇಕಾದರೆ ಮನುಷ್ಯನಿಗೆ ಕಾಣುವ ಬರೆವಣಿಗೆಯೊಂದು ಅದರ ಪಕ್ಕದಲ್ಲಿ ಇರುವುದು ಆವಶ್ಯಕ. ಖರ್ಚು ಉಳಿಸುವ ನೆಪದಲ್ಲಿ ಆ ಮುದ್ರಿತ ಸಾಲನ್ನು ತೆಗೆದುಹಾಕಿದರೆ ಜನರು ತಮ್ಮ ವಸ್ತುವಿನ ಮೇಲೆ ತಾವೇ ಪರೀಕ್ಷಿಸಬಹುದಾದ ಏಕಮಾತ್ರ ಸಾಕ್ಷ್ಯವನ್ನು ಕಳೆದುಕೊಳ್ಳುತ್ತಾರೆ.

ದಾಖಲೆಗಳ ಸಂರಕ್ಷಣೆಯಲ್ಲಿ ತೊಡಗಿರುವವರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಚಿಪ್ಪಿನಲ್ಲಿ ಇರುವುದು ಬರಿಯ ಸಂಖ್ಯೆ. ಅರ್ಥವಿರುವುದು ಗಣಕದ ಕಡತದಲ್ಲಿ. ಕಡತ ಅಳಿದರೆ ಚಿಪ್ಪು ಉಳಿದೂ ಮೂಕವಾಗುತ್ತದೆ. ನಮ್ಮ ಕಾಲದ ವ್ಯಾಪಾರ, ಸಂಚಾರ, ಸುಂಕಗಳ ಇತಿಹಾಸವನ್ನು ಮುಂದೆ ಬರೆಯುವವರಿಗೆ ಲೇಬಲ್ಲು, ಕಡತ, ಅವೆರಡನ್ನೂ ಜೋಡಿಸಿದ ನಿಯಮಾವಳಿ ಈ ಮೂರೂ ಒಟ್ಟಿಗೆ ದೊರೆಯುವಂತೆ ಈಗಲೇ ಏರ್ಪಾಟು ಮಾಡಬೇಕು. ಅಲ್ಲಿಯವರೆಗೆ ಅಂಗೈಯಗಲದ ಮುದ್ರಿತ ಲೇಬಲ್ಲನ್ನು ಕಸವೆಂದು ಎಸೆಯದೆ, ಒಂದೊಂದು ಮಾದರಿಯನ್ನಾದರೂ ದಾಖಲೆಗಳ ಭಂಡಾರಗಳಲ್ಲಿ ಸಂಗ್ರಹಿಸಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.